ಡೇರಿ ಪ್ರಶ್ನೋತ್ತರ: ಚೀಸ್ ಕರಗುವುದೂ ಒಡೆಯುವುದೂ

ಕಳೆದ ಸಂಚಿಕೆಯಲ್ಲಿ ಪನೀರ್ ಬಗ್ಗೆ ಉತ್ತರಿಸುವಾಗ, ಪ್ರೊಸೆಸ್ಡ್ ಚೀಸ್‌ಗೆ ಹಾಕುವ ಎಮಲ್ಸಿಫೈಯಿಂಗ್ ಸಾಲ್ಟ್ (ಚೀಸ್ ಕರಗಿಸುವಾಗ ಜಿಡ್ಡು ಬೇರೆಯಾಗದಂತೆ ಸೇರಿಸುವ ಲವಣ) ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ ಎಂದು ಒಂದೇ ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದು ಕೇಳಿದಂಥವು. ಮನೆಯಲ್ಲಿ ಅಡುಗೆ ಮಾಡುವವರು, ಸ್ಯಾಂಡ್‌ವಿಚ್ ಅಂಗಡಿಯವರು, ಸ್ವಂತವಾಗಿ ಚೀಸ್ ಮಾಡಲು ಹೊರಟವರು, ಮಕ್ಕಳ ಊಟದ ಡಬ್ಬಿಯ ಚಿಂತೆ ಇರುವವರು, ಎಲ್ಲರೂ ಬರೆದಿದ್ದಾರೆ. ಡೇರಿಯ ಚೀಸ್ ವಿಭಾಗದಲ್ಲಿ ಕೆಟಲ್ (ಚೀಸ್ ಕರಗಿಸುವ ದೊಡ್ಡ ಪಾತ್ರೆ) ಮುಂದೆ ನಿಂತು ಕೆಲಸ ಮಾಡಿದವಳು ನಾನು. ಇದು ನನಗೆ ತುಂಬ ಹತ್ತಿರದ ವಿಷಯ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ಮಗಳು ತಂದುಕೊಟ್ಟ ಹಳೆಯ ಚೆಡ್ಡಾರ್ ಚೀಸನ್ನು ತುರಿದು, ಪಾಸ್ತಾಕ್ಕೆ ಸಾಸ್ ಮಾಡೋಣ ಅಂತ ಹಾಲಿನ ಜೊತೆ ಬಿಸಿ ಮಾಡಿದೆ. ಎಣ್ಣೆ ಮೇಲೆ ತೇಲಿತು, ತಳದಲ್ಲಿ ಜಗಿಯಲೂ ಆಗದ ಗಟ್ಟಿ ಉಂಡೆ ಉಳಿಯಿತು. ನಮ್ಮ ಬೀದಿಯ ಅಂಗಡಿಯಲ್ಲಿ ಸಿಗುವ ಚೀಸ್ ಕ್ಯೂಬ್ ಹಾಕಿದರೆ ಮಾತ್ರ ನುಣ್ಣಗೆ ಕರಗುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಚೀಸೇ ಕೆಟ್ಟದ್ದಾ?
(ಗೃಹಿಣಿ, ರಾಜಾಜಿನಗರ)

ಉತ್ತರ: ಕೆಟ್ಟದ್ದಲ್ಲ. ನಿಮ್ಮ ಮಗಳು ಒಳ್ಳೆಯ ಚೀಸನ್ನೇ ತಂದಿದ್ದಾರೆ. ಅದು ಒಡೆದದ್ದು ಯಾಕೆಂದು ತಿಳಿಯಲು ಹಾಲಿನಿಂದಲೇ ಶುರುಮಾಡಬೇಕು.

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು 80% ಕೇಸೀನ್. ಅದು ಹಾಲಿನಲ್ಲಿ ಬಿಡಿಬಿಡಿಯಾಗಿ ಇರುವುದಿಲ್ಲ. ಸಾವಿರಾರು ಕೇಸೀನ್ ಅಣುಗಳು ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತವೆ. ಇಟ್ಟಿಗೆಗಳ ನಡುವೆ ಗಾರೆ ಇರುವ ಹಾಗೆ ಈ ಅಣುಗಳ ನಡುವೆ ಕ್ಯಾಲ್ಸಿಯಂ ಫಾಸ್ಫೇಟ್ ಇರುತ್ತದೆ. ಚೀಸ್ ಮಾಡುವಾಗ ಹಾಲಿಗೆ ರೆನ್ನೆಟ್ ಎಂಬ ಹಾಲು ಒಡೆಸುವ ಕಿಣ್ವ ಹಾಕುತ್ತೇವೆ. ಉಂಡೆಗಳು ಒಂದಕ್ಕೊಂದು ಅಂಟದಂತೆ ಹೊರಮೈಯಲ್ಲಿ ಕಾಯುತ್ತಿರುವ ಕಪ್ಪಾ ಕೇಸೀನನ್ನು ರೆನ್ನೆಟ್ ಕತ್ತರಿಸಿಬಿಡುತ್ತದೆ. ಆಗ ಉಂಡೆಗಳು ಕ್ಯಾಲ್ಸಿಯಂ ನೆರವಿನಿಂದ ಒಂದಕ್ಕೊಂದು ಹಿಡಿದುಕೊಂಡು ದೊಡ್ಡ ಜಾಲವಾಗುತ್ತವೆ. ಆ ಜಾಲದ ಸಂದುಗಳಲ್ಲಿ ಜಿಡ್ಡು, ನೀರು ಎರಡೂ ಸಿಕ್ಕಿಕೊಳ್ಳುತ್ತವೆ. ಚೆಡ್ಡಾರ್ ಎಂದರೆ ಇಂಥ ಜಾಲವನ್ನು ಒತ್ತಿ, ಉಪ್ಪು ಸೇರಿಸಿ, ತಿಂಗಳುಗಟ್ಟಲೆ ಮಾಗಿಸಿದ್ದು.

ಇದನ್ನು ಒಲೆಯ ಮೇಲಿಟ್ಟರೆ ಜಿಡ್ಡು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಪೂರ್ತಿ ಕರಗುತ್ತದೆ. ಶಾಖ ಇನ್ನೂ ಏರಿದರೆ ಪ್ರೋಟೀನ್ ಜಾಲ ಮುದುರಿಕೊಂಡು ತನ್ನೊಳಗಿನ ನೀರನ್ನೂ ಜಿಡ್ಡನ್ನೂ ಹಿಂಡಿ ಹೊರಹಾಕುತ್ತದೆ. ಮೇಲೆ ತೇಲಿದ್ದು ಆ ಜಿಡ್ಡು, ತಳದಲ್ಲಿ ಉಳಿದ ಉಂಡೆ ಮುದುರಿದ ಕೇಸೀನ್. ಚೀಸ್ ಹಳೆಯದಾದಷ್ಟೂ ಕಿಣ್ವಗಳು ಕೇಸೀನನ್ನು ತುಂಡು ತುಂಡು ಮಾಡಿರುತ್ತವೆ. ರುಚಿ ಬರುವುದು ಅದರಿಂದಲೇ. ಆದರೆ ಜಿಡ್ಡನ್ನು ಹಿಡಿದಿಡುವ ಶಕ್ತಿ ಕುಂದುವುದೂ ಅದರಿಂದಲೇ.

ಇನ್ನು ಅಂಗಡಿಯ ಕ್ಯೂಬ್, ಅದೇ ಪ್ರೊಸೆಸ್ಡ್ ಚೀಸ್. ಅದರಲ್ಲೂ ಇರುವುದು ಚೆಡ್ಡಾರ್ ಜಾತಿಯ ಚೀಸೇ. ಆದರೆ ಅದನ್ನು ಕಾರ್ಖಾನೆಯಲ್ಲಿ ಕರಗಿಸುವಾಗ ನೂರಕ್ಕೆ 2–3 ಪಾಲಿನಷ್ಟು ಸೋಡಿಯಂ ಸಿಟ್ರೇಟ್ ಅಥವಾ ಸೋಡಿಯಂ ಫಾಸ್ಫೇಟ್ ಸೇರಿಸಿರುತ್ತಾರೆ. ಸಿಟ್ರೇಟ್ ಆ ಕ್ಯಾಲ್ಸಿಯಂ ಗಾರೆಯನ್ನು ಎಳೆದು ತನ್ನ ಹತ್ತಿರ ಇಟ್ಟುಕೊಂಡು, ಅದರ ಜಾಗಕ್ಕೆ ಸೋಡಿಯಂ ಬಿಟ್ಟುಕೊಡುತ್ತದೆ. ಗಾರೆ ಸಡಿಲವಾದ ಕೇಸೀನ್ ಬಿಚ್ಚಿಕೊಳ್ಳುತ್ತದೆ, ನೀರು ಕುಡಿದು ಉಬ್ಬುತ್ತದೆ. ಕೇಸೀನಿನ ಒಂದು ಭಾಗಕ್ಕೆ ಜಿಡ್ಡು ಇಷ್ಟ, ಇನ್ನೊಂದು ಭಾಗಕ್ಕೆ ನೀರು ಇಷ್ಟ. ಬಿಡುಗಡೆಯಾದ ಕೂಡಲೇ ಅದು ಜಿಡ್ಡಿನ ಹನಿಗಳ ಸುತ್ತ ಪೊರೆ ಕಟ್ಟುತ್ತದೆ. ಹನಿಗಳು ಒಂದರೊಳಗೊಂದು ಸೇರಿ ಎಣ್ಣೆಯಾಗಿ ಹೊರಗೆ ಬರಲಾರವು.

ಇದನ್ನು ನಾನು ಒತ್ತಿ ಹೇಳುತ್ತೇನೆ: ಜಿಡ್ಡನ್ನು ಹಿಡಿದು ನಿಲ್ಲಿಸುವುದು ಹಾಲಿನದೇ ಕೇಸೀನ್, ನಾವು ಹಾಕುವ ಲವಣ ಅಲ್ಲ. ಲವಣ ಮಾಡುವುದು ಕೇಸೀನಿನ ಕೈಕಟ್ಟು ಬಿಚ್ಚುವ ಕೆಲಸ ಮಾತ್ರ. ಹಾಗಾಗಿ ಚೀಸ್‌ನಲ್ಲಿ ತುಂಡಾಗದೆ ಇಡಿಯಾಗಿ ಉಳಿದ ಕೇಸೀನ್ ಇಲ್ಲದಿದ್ದರೆ ಲವಣ ಎಷ್ಟು ಸುರಿದರೂ ಒಳ್ಳೆಯ ಪ್ರೊಸೆಸ್ಡ್ ಚೀಸ್ ಆಗುವುದಿಲ್ಲ.

ನಿಮ್ಮ ಅಡುಗೆಮನೆಗೆ ಸುಲಭದ ದಾರಿ ಒಂದಿದೆ. ತುರಿದ ಚೆಡ್ಡಾರ್ ಜೊತೆ ಅದರ ಕಾಲುಭಾಗದಷ್ಟು ಅಂಗಡಿಯ ಕ್ಯೂಬನ್ನೂ ತುರಿದು ಹಾಕಿ. ಕ್ಯೂಬಿನೊಳಗಿನ ಸಿಟ್ರೇಟ್ ಚೆಡ್ಡಾರ್‌ಗೂ ಒದಗುತ್ತದೆ, ಒಡೆಯುವುದು ಬಹಳ ಕಡಿಮೆಯಾಗುತ್ತದೆ. ಉರಿ ಸಣ್ಣಗಿರಲಿ, ಕುದಿ ಬರಿಸಬೇಡಿ.

ಪ್ರಶ್ನೆ: ನಮ್ಮದು ವಿ.ವಿ. ಪುರಂ ಕಡೆ ಸ್ಯಾಂಡ್‌ವಿಚ್ ಗಾಡಿ. ಚೀಸ್ ಸಾಸ್ ಡಬ್ಬ ಕೊಂಡು ಸಾಕಾಗಿದೆ, ನಾವೇ ಮಾಡಬೇಕು ಅಂತಿದ್ದೀವಿ. ನಿಂಬೆ ಉಪ್ಪಿಗೆ ಅಡುಗೆ ಸೋಡಾ ಸೇರಿಸಿದರೆ ಸೋಡಿಯಂ ಸಿಟ್ರೇಟ್ ಆಗುತ್ತೆ ಅಂತ ಒಬ್ಬರು ಹೇಳಿದರು. ನಿಜಾನಾ? ಇನ್ನೊಂದು, ನಮಗೆ ಸಿಗೋದು ಬೋರ್‌ವೆಲ್ ನೀರು, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ತೊಂದರೆ ಆಗುತ್ತಾ?
(ಗಾಡಿ ಮಾಲೀಕರು)

ಉತ್ತರ: ನಿಜ. ನಿಂಬೆ ಉಪ್ಪು ಎಂದರೆ ಸಿಟ್ರಿಕ್ ಆಮ್ಲ. ಅಡುಗೆ ಸೋಡಾದಲ್ಲಿರುವ ಸೋಡಿಯಂ ಅದಕ್ಕೆ ಸೇರಿ ಟ್ರೈಸೋಡಿಯಂ ಸಿಟ್ರೇಟ್ ಆಗುತ್ತದೆ, ಇಂಗಾಲದ ಡೈಆಕ್ಸೈಡ್ ನೊರೆಯಾಗಿ ಹೊರಟುಹೋಗುತ್ತದೆ. ಲೆಕ್ಕ ತೂಕದಲ್ಲಿ: 5 ಗ್ರಾಂ ನಿಂಬೆ ಉಪ್ಪಿನ ಹರಳಿಗೆ 6 ಗ್ರಾಂ ಸೋಡಾ. ಇದರಿಂದ ಸುಮಾರು 6 ಗ್ರಾಂ ಸಿಟ್ರೇಟ್ ಸಿಗುತ್ತದೆ. 250 ಗ್ರಾಂ ಚೀಸ್‌ಗೆ ಅಷ್ಟು ಸಾಕು. ಚಮಚದ ಅಳತೆ ನಂಬಬೇಡಿ. ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಒಂದು ಇಟ್ಟುಕೊಳ್ಳಿ, ಸೋಡಾ ಹೆಚ್ಚಾದರೆ ಸಾಸ್ ಸೋಪಿನ ರುಚಿಗೆ ತಿರುಗುತ್ತದೆ.

ಮಾಡುವ ಕ್ರಮವೂ ಮುಖ್ಯ. ಎತ್ತರದ ಪಾತ್ರೆಯಲ್ಲಿ 150 ಮಿಲಿ ನೀರಿಗೆ ನಿಂಬೆ ಉಪ್ಪು ಕರಗಿಸಿ. ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಬನ್ನಿ, ನೊರೆ ಉಕ್ಕುತ್ತದೆ. ಮುಚ್ಚಳ ಹಾಕಿದ ಬಾಟಲಿಯಲ್ಲಿ ಇದನ್ನು ಎಂದಿಗೂ ಮಾಡಬಾರದು. ಗುಳ್ಳೆ ನಿಂತ ಮೇಲೆ ನೀರನ್ನು ಹಬೆಯಾಡುವಷ್ಟು ಬಿಸಿ ಮಾಡಿ, ತುರಿದ ಚೀಸನ್ನು ಹಿಡಿ ಹಿಡಿಯಾಗಿ ಹಾಕಿ ಕೈಯಾಡಿಸಿ. ಹಿಂದಿನ ಹಿಡಿ ಪೂರ್ತಿ ಕರಗಿದ ಮೇಲೆ ಮುಂದಿನದು. ಲವಣ ಮೊದಲೇ ನೀರಿನಲ್ಲಿ ಕರಗಿರಬೇಕು. ಒಡೆದ ಚೀಸ್ ಮೇಲೆ ಆಮೇಲೆ ಪುಡಿ ಉದುರಿಸಿದರೆ ಅದು ಒಳಕ್ಕೆ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ತಳ ಹತ್ತಿರುತ್ತದೆ. ಅಂಗಡಿಯ ಕ್ಯೂಬನ್ನೇ ಕರಗಿಸಿ ಸಾಸ್ ಮಾಡುವುದಾದರೆ ಇದು ಯಾವುದೂ ಬೇಡ, ಅದರಲ್ಲಿ ಲವಣ ಆಗಲೇ ಇದೆ.

ಬೋರ್‌ವೆಲ್ ನೀರಿನ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ತರ್ಕ ಸರಿಯಾಗಿಯೇ ಇದೆ. ನೀರಿನ ಕ್ಯಾಲ್ಸಿಯಂ ಕೂಡ ಸಿಟ್ರೇಟನ್ನು ಹಿಡಿಯುತ್ತದೆ. ಎಷ್ಟು ಎಂದು ಲೆಕ್ಕ ಹಾಕೋಣ. ತುಂಬ ಗಡಸು ನೀರು, ಲೀಟರಿಗೆ 240 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದೇ ಇಟ್ಟುಕೊಳ್ಳಿ. 150 ಮಿಲಿಯಲ್ಲಿ 36 ಮಿಲಿಗ್ರಾಂ ಆಯಿತು. 250 ಗ್ರಾಂ ಚೆಡ್ಡಾರ್‌ನಲ್ಲಿರುವ ಕ್ಯಾಲ್ಸಿಯಂ 1700 ಮಿಲಿಗ್ರಾಂಗೂ ಮೇಲೆ. ಅದರ ಮುಂದೆ ನೀರಿನದು ಏನೂ ಅಲ್ಲ. ಸಾಸ್ ಒಡೆದರೆ ನೀರನ್ನು ದೂರಬೇಡಿ, ಉರಿಯನ್ನೂ ತಕ್ಕಡಿಯನ್ನೂ ನೋಡಿ. ಜನರಿಗೆ ತಿನ್ನಲು ಕೊಡುವುದಾದ್ದರಿಂದ ಕುಡಿಯುವ ನೀರನ್ನೇ ಬಳಸಿ, ಅದು ಬೇರೆ ಮಾತು.

ಪ್ರಶ್ನೆ: ವಿಡಿಯೋ ನೋಡಿ ಹಾಲು, ವಿನೆಗರ್, ಸೋಡಾ, ಬೆಣ್ಣೆಯಿಂದ ಚೀಸ್ ಮಾಡಿದೆ, ಚೆನ್ನಾಗಿ ಬಂತು. ಉಳಿದ ಪನೀರ್‌ಗೂ ಹೀಗೇ ಸೋಡಾ ಹಾಕಿ ಮಿಕ್ಸಿಯಲ್ಲಿ ತಿರುವಿದೆ, ತರಿತರಿಯಾಗಿಯೇ ಉಳಿಯಿತು. ಯಾಕೆ?
(ಓದುಗರು, ಯಲಹಂಕ)

ಉತ್ತರ: ಹಾಲನ್ನು ಎಷ್ಟು ಬಿಸಿ ಇದ್ದಾಗ ಒಡೆದಿರಿ ಎಂಬುದರಲ್ಲೇ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ನೀವು ಹಾಲನ್ನು ಉಗುರುಬೆಚ್ಚಗಿಂತ ತುಸು ಹೆಚ್ಚು ಕಾಯಿಸಿ ವಿನೆಗರ್ ಹಾಕಿದ್ದೀರಿ. ಹುಳಿ ಏರಿದಾಗ ಕೇಸೀನ್ ನಡುವಿನ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ, ಬಸಿದ ನೀರಿನ ಜೊತೆ ಹೊರಟುಹೋಯಿತು. ಆಮೇಲೆ ಸೋಡಾ ಹಾಕಿದಾಗ ಹುಳಿ ಇಳಿಯಿತು, ಕೇಸೀನಿಗೆ ಸೋಡಿಯಂ ಸಿಕ್ಕಿತು, ಅದು ಬಿಚ್ಚಿಕೊಂಡು ಬೆಣ್ಣೆಯನ್ನು ಹಿಡಿಯಿತು. ಕಾರ್ಖಾನೆಯಲ್ಲಿ ಸಿಟ್ರೇಟ್ ಮಾಡುವ ಕೆಲಸವನ್ನು ಇಲ್ಲಿ ಹುಳಿ, ಸೋಡಾ ಎರಡೂ ಹಂಚಿಕೊಂಡು ಮಾಡಿವೆ.

ಪನೀರ್ ಕುದಿದ ಹಾಲಿನದು. ಹಾಲು 80–90 ಡಿಗ್ರಿ ಮುಟ್ಟಿದಾಗ ಅದರ ಇನ್ನೊಂದು ಬಗೆಯ ಪ್ರೋಟೀನು, ಅಂದರೆ ಚೀಸ್ ಮಾಡುವಾಗ ಹಳದಿ ನೀರಿನಲ್ಲಿ ಹೊರಟುಹೋಗುವ ವೇ ಪ್ರೋಟೀನು, ಕೇಸೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಈ ಅಂಟು ಕ್ಯಾಲ್ಸಿಯಂನದಲ್ಲ, ಗಂಧಕದ ಬಂಧದ್ದು. ಹಾಗಾಗಿ ಕ್ಯಾಲ್ಸಿಯಂ ಎಳೆಯುವ ಲವಣಕ್ಕೆ ಇದು ಅಷ್ಟಾಗಿ ಬಗ್ಗುವುದಿಲ್ಲ. ಪನೀರ್ ಟಿಕ್ಕಾ ಕೆಂಡದ ಮೇಲೂ ಆಕಾರ ಬಿಡದಿರುವುದು ಇದರಿಂದಲೇ. ಪನೀರನ್ನು ಪನೀರಾಗಿಯೇ ಬಿಡಿ.

ಪ್ರಶ್ನೆ: ಕನಕಪುರ ರಸ್ತೆಯ ನಮ್ಮ ತೋಟದಲ್ಲಿ ಹಸು ಸಾಕಿ ಚೆಡ್ಡಾರ್ ಮಾಡುತ್ತೇವೆ. ಈಗ ಪ್ರೊಸೆಸ್ಡ್ ಚೀಸ್ ಬ್ಲಾಕ್‌ಗೆ ಕೈ ಹಾಕಿದ್ದೇವೆ. ಒಂದು ಬ್ಯಾಚ್‌ನಲ್ಲಿ 10 ಕಿಲೋ ಹಳೆಯ ಚೆಡ್ಡಾರ್‌ಗೆ 150 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್, 50 ಗ್ರಾಂ ಸಿಟ್ರಿಕ್ ಆಮ್ಲ ಹಾಕಿದೆವು. ಚಾಕು ಇಟ್ಟರೆ ಪುಡಿಪುಡಿ. ಇನ್ನೊಂದು ಬ್ಯಾಚ್‌ಗೆ ಡೈಸೋಡಿಯಂ ಫಾಸ್ಫೇಟ್ ಮಾತ್ರ, 350 ಗ್ರಾಂ. ಬ್ಲಾಕ್ ಚೆನ್ನಾಗಿತ್ತು, ಆದರೆ ಫ್ರಿಜ್‌ನಲ್ಲಿಟ್ಟ ಮೇಲೆ ಮೈಮೇಲೆ ಹೊಳೆಯುವ ಹರಳು ಬಂತು, ಬಾಯಲ್ಲಿ ಮರಳು ಮರಳು. ಏನು ಮಾಡಬೇಕು?
(ಸಣ್ಣ ತಯಾರಕರು)

ಉತ್ತರ: ಅಳತೆಗಳನ್ನು ಬರೆದು ಕಳಿಸಿದ್ದಕ್ಕೆ ನಿಮಗೆ ವಂದನೆ. ಹೀಗೆ ಬರೆದಿಟ್ಟುಕೊಳ್ಳುವ ತಯಾರಕರು ಖಂಡಿತ ಮೇಲೆ ಬರುತ್ತಾರೆ. ಆದರೆ ಒಂದು ಸಂಖ್ಯೆ ಪತ್ರದಲ್ಲಿ ಇಲ್ಲ, ಅದು ಪಿಎಚ್, ಅಂದರೆ ಹುಳಿಯ ಅಳತೆ. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು.

ಪುಡಿಯಾದ ಬ್ಯಾಚ್ ಮೊದಲು. ಚೆಡ್ಡಾರ್‌ನ ಪಿಎಚ್ ಸಾಮಾನ್ಯವಾಗಿ 5.1 ರಿಂದ 5.3. ಬ್ಲಾಕ್‌ಗೆ ಬೇಕಾದದ್ದು 5.6 ಆಸುಪಾಸು. ಆ ಏರಿಕೆಯನ್ನು ಕೊಡಬೇಕಾದದ್ದು ಸಿಟ್ರೇಟ್. ನೀವು ಸಿಟ್ರೇಟನ್ನು 1.5%ಕ್ಕೆ ಇಳಿಸಿ, ಮೇಲೆ ಆಮ್ಲವನ್ನೂ ಹಾಕಿದ್ದೀರಿ. ಪಿಎಚ್ ಏರಲು ದಾರಿಯೇ ಇರಲಿಲ್ಲ. ಕೇಸೀನ್ 4.6 ಪಿಎಚ್‌ನಲ್ಲಿ ತನ್ನ ವಿದ್ಯುದಾವೇಶವನ್ನೆಲ್ಲ ಕಳೆದುಕೊಂಡು ಗಟ್ಟಿಯಾಗಿ ಕುಸಿಯುತ್ತದೆ. ಅದರ ಹತ್ತಿರ ಹೋದಷ್ಟೂ ಅಣುಗಳು ನೀರನ್ನು ಬಿಟ್ಟು ತಮ್ಮತಮ್ಮೊಳಗೆ ಅಂಟಿಕೊಳ್ಳುತ್ತವೆ. ಸಿಟ್ರೇಟ್ ಕ್ಯಾಲ್ಸಿಯಂ ಹಿಡಿಯುವ ಬಲವೂ ಹುಳಿ ಹೆಚ್ಚಿದಷ್ಟು ಕಡಿಮೆಯಾಗುತ್ತದೆ. ಇವೆರಡೂ ಸೇರಿದರೆ ಚಾಕುವಿಗೆ ಪುಡಿ. ಇದಕ್ಕೆ ಉಲ್ಟಾ ದಿಕ್ಕಿಗೂ ಹೋಗಬೇಡಿ. ಪಿಎಚ್ 6 ದಾಟಿದರೆ ಚೀಸ್ ಮೆತ್ತಗಾಗಿ ಕೈಗೂ ಕಾಗದಕ್ಕೂ ಅಂಟುತ್ತದೆ, ರುಚಿ ಸಪ್ಪೆಯಾಗಿ ಸೋಪಿನ ಕಡೆಗೆ ಸರಿಯುತ್ತದೆ, ಬೇಗ ಕೆಡುತ್ತದೆ.

ಎರಡನೆಯ ಕಾರಣ ಚೀಸ್‌ನ ವಯಸ್ಸು. ಬರೀ ಹಳೆಯ ಚೆಡ್ಡಾರ್ ಹಾಕಿದ್ದೀರಿ. ಅದರಲ್ಲಿ ಪರಿಮಳ ಇದೆ, ಆದರೆ ಮೈಕಟ್ಟು ಕೊಡುವ ಇಡಿಯ ಕೇಸೀನ್ ಕಡಿಮೆ. ಬ್ಲಾಕ್ ಮಾಡುವವರು ನೂರಕ್ಕೆ 70–75 ಪಾಲು ಎಳೆಯ ಚೀಸ್, ಉಳಿದದ್ದು ಮಾಗಿದ್ದು ಎಂದು ಬೆರೆಸುತ್ತಾರೆ. ಸ್ಪ್ರೆಡ್ ಮಾಡುವುದಾದರೆ ಮಾಗಿದ್ದರ ಪಾಲನ್ನು ಏರಿಸಬಹುದು. ಈ ಬೆರಕೆಯನ್ನು ಸರಿ ಮಾಡದೆ ಪಿಷ್ಟ ಹಾಕಿ ಗಟ್ಟಿ ಮಾಡಲು ಹೋಗುವವರನ್ನು ಕಂಡಿದ್ದೇನೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ನಿಮ್ಮದು ಸ್ವಂತ ಹಸುವಿನ ಹಾಲು, ನೀವೇ ಮಾಡಿದ ಚೆಡ್ಡಾರ್. ಅದರ ಕೇಸೀನ್ ಕೊಡುವ ನುಣುಪು ಪಿಷ್ಟದಿಂದ ಬರುವುದಿಲ್ಲ.

ಮುಂದಿನ ಬ್ಯಾಚ್‌ಗೆ 10 ಕಿಲೋ ಬೆರಕೆ ಚೀಸ್‌ಗೆ 250 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಹಾಕಿ, ಆಮ್ಲ ಬೇಡ. 80–85 ಡಿಗ್ರಿಗೆ ಏರಿಸಿ ಐದು ನಿಮಿಷ ಕೈಯಾಡಿಸಿ, ಸ್ವಲ್ಪ ತೆಗೆದು ಪಿಎಚ್ ನೋಡಿ. 5.8 ದಾಟಿದ್ದರೆ ಮಾತ್ರ ನೀರಿನಲ್ಲಿ ಕರಗಿಸಿದ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ.

ಕೈಯಾಡಿಸುವ ಹೊತ್ತಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಕೆಟಲ್ ಮುಂದೆ ನಿಲ್ಲದೆ ಇದು ತಿಳಿಯುವುದಿಲ್ಲ. ಮೊದಲು ಚೀಸ್ ನೀರಾಗಿ ಹರಿಯುತ್ತದೆ. ತಿರುಗಿಸುತ್ತಾ ಹೋದಂತೆ ಒಂದು ಹಂತದಲ್ಲಿ ಅದು ಮಂದವಾಗಿ, ಹೊಳಪು ಬಂದು, ಸೌಟಿಗೆ ಭಾರವಾಗುತ್ತದೆ. ನಾವು ಇದನ್ನು ಕ್ರೀಮಿಂಗ್ ಅನ್ನುತ್ತೇವೆ. ಬಿಚ್ಚಿಕೊಂಡ ಕೇಸೀನ್ ಮತ್ತೆ ಹೊಸದಾಗಿ ಜಾಲ ಕಟ್ಟುವ ಹೊತ್ತು ಅದು. ಹರಿದು ಕರಗುವ ಸ್ಲೈಸ್ ಬೇಕಾದರೆ ಇದಕ್ಕೂ ಮೊದಲೇ ನಿಲ್ಲಿಸಬೇಕು. ಸ್ಪ್ರೆಡ್‌ಗೆ ಇನ್ನಷ್ಟು ಬೇಕು. ಆ ಹಂತವನ್ನೂ ದಾಟಿಸಿದರೆ ಹೊಳಪು ಹೋಗಿ, ಹಿಟ್ಟಿನ ಮುದ್ದೆಯಾಗಿ, ಕೊನೆಗೆ ನೀರು ಬಿಡುತ್ತದೆ. ಹಿಂದಿನ ಬ್ಯಾಚ್‌ನ ಅಂಚು, ತುಂಡುಗಳನ್ನು ಹೊಸದಕ್ಕೆ ಹಾಕಿದರೆ ಕ್ರೀಮಿಂಗ್ ಬಹಳ ಬೇಗ ಆಗುತ್ತದೆ. ಅದನ್ನು ಮಿತಿಯಲ್ಲಿಡಿ. ಬ್ಲಾಕ್ ನಿಧಾನವಾಗಿ ತಣ್ಣಗಾದರೆ ಗಟ್ಟಿ, ಸ್ಪ್ರೆಡ್ ಬೇಗ ತಣ್ಣಗಾದರೆ ಮೃದು.

ಇನ್ನು ಹರಳು. ಡೈಸೋಡಿಯಂ ಫಾಸ್ಫೇಟ್ ಬಿಸಿಯಲ್ಲಿ ಚೆನ್ನಾಗಿ ಕರಗುತ್ತದೆ, ತಣ್ಣಗಾದಂತೆ ಅದರ ಕರಗುವಿಕೆ ತೀರಾ ಇಳಿದುಹೋಗುತ್ತದೆ. 3.5% ಹಾಕಿ ಫ್ರಿಜ್‌ನಲ್ಲಿಟ್ಟರೆ ಹೆಚ್ಚಾದದ್ದು ನೀರನ್ನು ಕಟ್ಟಿಕೊಂಡು ಹರಳಾಗಿ ಹೊರಬರುತ್ತದೆ. ಕಾಗದ ಸರಿಯಾಗಿ ಮುಚ್ಚದೆ ಮೈ ಒಣಗಿದರೆ ಇನ್ನೂ ಬೇಗ. ಒಂದು ಹರಳನ್ನು ಬಿಡಿಸಿ ಬೆಚ್ಚನೆಯ ನೀರಿನ ಹನಿಯಲ್ಲಿಡಿ. ಥಟ್ಟನೆ ಕರಗಿದರೆ ಸಂಶಯವಿಲ್ಲ, ಅದು ಈ ಫಾಸ್ಫೇಟೇ. ಕರಗದಿದ್ದರೆ ಹಳೆಯ ಚೀಸ್‌ನೊಳಗೇ ಬೆಳೆದ ಟೈರೋಸಿನ್ (ಪ್ರೋಟೀನಿನ ಒಂದು ತುಣುಕು) ಹರಳೋ, ಕ್ಯಾಲ್ಸಿಯಂ ಕೂಡಿದ ಹರಳೋ ಇರಬಹುದು. ಡೈಸೋಡಿಯಂ ಫಾಸ್ಫೇಟನ್ನು 2%ರೊಳಗೆ ಇಟ್ಟು, ಕೊರತೆಗೆ ಸಿಟ್ರೇಟ್ ಸೇರಿಸಿ. ಅಮೆರಿಕದ ನಿಯಮದಲ್ಲಿ ಈ ಲವಣಗಳು ಒಟ್ಟು 3% ಮೀರುವಂತಿಲ್ಲ, ಪಿಎಚ್ 5.3ಕ್ಕಿಂತ ಇಳಿಯುವಂತಿಲ್ಲ. ನಮ್ಮ ನಿಯಮದಲ್ಲಿ ಪ್ರೊಸೆಸ್ಡ್ ಚೀಸ್‌ನ ನೀರು 47% ಮೀರಬಾರದು, ಒಣ ಅಂಶದ ಲೆಕ್ಕದಲ್ಲಿ ಜಿಡ್ಡು 40%ಕ್ಕೆ ಕಡಿಮೆ ಇರಬಾರದು. ಮಾರುವ ಮುಂಚೆ ಪ್ರಯೋಗಾಲಯದಲ್ಲಿ ಎರಡನ್ನೂ ಪರೀಕ್ಷೆ ಮಾಡಿಸಿ.

ಕೊನೆಗೆ, ಹೊಸ ಸ್ಲೈಸಿಂಗ್ ಮೆಷಿನ್ ಕೊಳ್ಳುವ ಯೋಚನೆ ಇದೆ ಎಂದು ಬರೆದಿದ್ದೀರಿ. ಅದಕ್ಕೂ ಮೊದಲು ಒಳ್ಳೆಯ ಪಿಎಚ್ ಮೀಟರ್ ಒಂದನ್ನು ಕೊಳ್ಳಿ.

ಪ್ರಶ್ನೆ: ನಾನು ಹೆಬ್ಬಾಳದಲ್ಲಿ ಡೇರಿ ವಿಜ್ಞಾನದ ವಿದ್ಯಾರ್ಥಿನಿ. ಸಿಟ್ರೇಟ್ ಒಂದರಿಂದಲೇ ಕೆಲಸ ಆಗುವಾಗ ಇಷ್ಟು ಬಗೆಯ ಫಾಸ್ಫೇಟ್ ಯಾಕೆ ಬೇಕು?

ಉತ್ತರ: ಕರಗುವ ಚೀಸೂ ಬೇಕು, ಕರಗದ ಚೀಸೂ ಬೇಕು, ಅದಕ್ಕೆ. ಬರ್ಗರ್ ಮೇಲಿನ ಸ್ಲೈಸ್ ಮಾಂಸದ ಅಥವಾ ಆಲೂ ಪ್ಯಾಟಿಯ ಬಿಸಿಗೆ ಇಳಿದು ಹರಡಬೇಕು. ಸಮೋಸಾದೊಳಗಿನ ಚೂರು ಎಣ್ಣೆಯಲ್ಲಿ ಬೆಂದರೂ ಹೊರಗೆ ಹರಿಯಬಾರದು.

ಫಾಸ್ಫೇಟ್ ಸರಪಳಿಯ ಉದ್ದವನ್ನು ಹಿಡಿದು ನೋಡಿದರೆ ನಿಮಗೆ ಪೂರ್ತಿ ಚಿತ್ರ ಸಿಗುತ್ತದೆ. ಒಂದೇ ಕೊಂಡಿಯ ಆರ್ಥೋಫಾಸ್ಫೇಟ್ ಪಿಎಚ್ಚನ್ನು ಚೆನ್ನಾಗಿ ಹಿಡಿದಿಡುತ್ತದೆ, ಕ್ಯಾಲ್ಸಿಯಂ ಹಿಡಿತ ಸಾಧಾರಣ, ಚೀಸ್ ಚೆನ್ನಾಗಿ ಕರಗುತ್ತದೆ. ಎರಡು ಕೊಂಡಿಯ ಪೈರೋಫಾಸ್ಫೇಟ್ ಕ್ಯಾಲ್ಸಿಯಂಗೂ ಕೇಸೀನಿಗೂ ಬಲವಾಗಿ ಹಿಡಿದುಕೊಂಡು ಮೈಯನ್ನು ಬಿಗಿಯುತ್ತದೆ, ಕರಗುವಿಕೆ ಕಡಿಮೆ. ಹೆಚ್ಚಾದರೆ ಕಹಿ. ಉದ್ದ ಸರಪಳಿಯ ಪಾಲಿಫಾಸ್ಫೇಟ್‌ಗೆ ಕ್ಯಾಲ್ಸಿಯಂ ಹಿಡಿತ ಎಲ್ಲಕ್ಕಿಂತ ಹೆಚ್ಚು, ಪಿಎಚ್ ಹಿಡಿದಿಡುವ ಶಕ್ತಿ ಎಲ್ಲಕ್ಕಿಂತ ಕಡಿಮೆ, ಚೀಸ್ ಗಟ್ಟಿ. ಜೊತೆಗೆ ಅದು ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ. ಆ ಗುಣ ಸಿಟ್ರೇಟ್‌ಗೆ ಇಲ್ಲ. ಕಾಯಿಸುವಾಗ ಈ ಉದ್ದ ಸರಪಳಿಗಳು ಒಂದಿಷ್ಟು ತುಂಡಾಗಿ ಆರ್ಥೋಫಾಸ್ಫೇಟ್ ಆಗುತ್ತವೆ ಎಂಬುದನ್ನು ನಿಮ್ಮ ಪ್ರಯೋಗದ ಲೆಕ್ಕದಲ್ಲಿ ಮರೆಯಬೇಡಿ. ಅಮೆರಿಕದ ಸ್ಲೈಸ್‌ಗಳಲ್ಲಿ ಸೋಡಿಯಂ ಅಲ್ಯೂಮಿನಿಯಂ ಫಾಸ್ಫೇಟ್ ಕೂಡ ಬಳಕೆಯಲ್ಲಿದೆ, ಅದು ಚೆನ್ನಾಗಿ ಕರಗಿಸುತ್ತದೆ.

ಪಠ್ಯಗಳಲ್ಲಿರುವ ಅಳತೆಗಳು ಹೆಚ್ಚಾಗಿ ಹಸುವಿನ ಹಾಲಿನವು. ನಮ್ಮ ದೇಶದಲ್ಲಿ ಎಮ್ಮೆ ಹಾಲಿನ ಚೀಸೂ ಇದೆ. ಎಮ್ಮೆ ಹಾಲಿನಲ್ಲಿ ಕ್ಯಾಲ್ಸಿಯಂ, ಕೇಸೀನ್ ಎರಡೂ ಹೆಚ್ಚು. ಅದಕ್ಕೆ ತಕ್ಕ ಲವಣದ ಬೆರಕೆ ಯಾವುದು ಎಂಬುದು ನಿಮ್ಮಂಥವರು ಕೂತು ಮಾಡಬೇಕಾದ ಕೆಲಸ. ಪ್ರಾಜೆಕ್ಟ್ ವಿಷಯ ಹುಡುಕುತ್ತಿದ್ದರೆ ಇದನ್ನೇ ತೆಗೆದುಕೊಳ್ಳಿ ಎಂದು ಮನಸಾರೆ ಹೇಳುತ್ತೇನೆ.

ಪ್ರಶ್ನೆ: ಪ್ರೊಸೆಸ್ಡ್ ಚೀಸನ್ನು ಮೊದಲು ಕಂಡುಹಿಡಿದವರು ಯಾರು?
(ನಿವೃತ್ತ ಶಿಕ್ಷಕರು, ಬಸವನಗುಡಿ)

ಉತ್ತರ: ಸ್ವಿಟ್ಜರ್ಲೆಂಡಿನ ಥೂನ್ ಊರಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್, 1911ರಲ್ಲಿ. ದೂರದ ದೇಶಗಳಿಗೆ ಕಳಿಸಿದ ಚೀಸ್ ಕೆಡದಂತೆ ಉಳಿಯಬೇಕು ಎಂಬುದು ಅವರಿಗಿದ್ದ ಅಗತ್ಯ. ಎಮೆಂಟಾಲ್ ಚೀಸನ್ನು ಸೋಡಿಯಂ ಸಿಟ್ರೇಟ್ ಜೊತೆ ಕರಗಿಸಿದರು. ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ 1916ರಲ್ಲಿ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಹೋದದ್ದು ಆ ಡಬ್ಬಿ ಚೀಸ್.

ಡೇರಿ ವಿದ್ಯೆಯಲ್ಲಿ ನಮ್ಮ ಊರಿನ ಹೆಸರೂ ಹಳೆಯದು, ಸರ್. ದೇಶದ ಡೇರಿ ಸಂಶೋಧನಾ ಸಂಸ್ಥೆ 1923ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಹಸು ಸಾಕಣೆಯ ಪಾಠ ಕಲಿತರು. 1955ರಲ್ಲಿ ಮುಖ್ಯ ಕೇಂದ್ರ ಕರ್ನಾಲ್‌ಗೆ ಹೋಯಿತು, ಅಡುಗೋಡಿಯಲ್ಲಿ ಅದರ ದಕ್ಷಿಣ ಕೇಂದ್ರ ಇಂದಿಗೂ ಇದೆ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ದಿನಾ ಡಬ್ಬಿಗೆ ಚೀಸ್ ಸ್ಲೈಸ್ ಬೇಕೇ ಬೇಕು. ಪ್ಯಾಕೆಟ್ ಹಿಂದೆ 331, 339, 452 ಅಂತೆಲ್ಲ ಬರೆದಿರುತ್ತೆ, ನೋಡಿದರೆ ಭಯ ಆಗುತ್ತೆ. ಕ್ಯಾಲ್ಸಿಯಂ ಎಳೆದುಬಿಡುತ್ತೆ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಚೀಸ್ ಕೊಟ್ಟು ಏನು ಉಪಯೋಗ?
(ತಾಯಿ, ಜಯನಗರ)

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಮೊದಲು ಸಂಖ್ಯೆಗಳು. 331 ಸೋಡಿಯಂ ಸಿಟ್ರೇಟ್, 339 ಸೋಡಿಯಂ ಫಾಸ್ಫೇಟ್, 452 ಪಾಲಿಫಾಸ್ಫೇಟ್. ಇವುಗಳಲ್ಲಿ ಸಿಟ್ರೇಟನ್ನು ನಿಮ್ಮ ಮಗ ಆಗಲೇ ಕುಡಿದಿರಬಹುದು. ಭೇದಿಯಾದಾಗ ಕೊಡುವ ಓಆರ್‌ಎಸ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ, ಲೀಟರಿಗೆ 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ. ರಕ್ತದಾನದ ಚೀಲದಲ್ಲೂ ಸಿಟ್ರೇಟ್ ಇದೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು, ಅದನ್ನು ಸಿಟ್ರೇಟ್ ಹಿಡಿದುಕೊಂಡರೆ ರಕ್ತ ದ್ರವವಾಗಿಯೇ ಉಳಿಯುತ್ತದೆ. ಬೆಲ್ಜಿಯಂನ ಆಲ್ಬರ್ಟ್ ಹುಸ್ಟಿನ್, ಅರ್ಜೆಂಟೀನಾದ ಲೂಯಿಸ್ ಅಗೋಟೆ ಎಂಬ ವೈದ್ಯರು ರಕ್ತ ವರ್ಗಾವಣೆಗೆ ಇದನ್ನು ಬಳಸಿ ತೋರಿಸಿದ್ದು 1914ರಲ್ಲಿ.

ಕ್ಯಾಲ್ಸಿಯಂ ಎಳೆಯುತ್ತದೆ ಎಂದರೆ ಕೇಸೀನಿನಿಂದ ಬಿಡಿಸುತ್ತದೆ ಎಂದು ಅರ್ಥ. ಚೀಸ್‌ನಿಂದ ಹೊರಗೆ ಹೋಗುವುದಿಲ್ಲ, ಸ್ಲೈಸ್ ಒಳಗೇ ಇರುತ್ತದೆ, ಹೊಟ್ಟೆಗೂ ಸೇರುತ್ತದೆ. ಕ್ಯಾಲ್ಸಿಯಂ ಸಿಟ್ರೇಟನ್ನೇ ಮಾತ್ರೆಯಾಗಿ ವೈದ್ಯರು ಬರೆದುಕೊಡುತ್ತಾರಲ್ಲ.

ನೀವು ಗಮನ ಇಡಬೇಕಾದದ್ದು ಸೋಡಿಯಂ ಮೇಲೆ. 100 ಗ್ರಾಂ ಚೀಸ್‌ನಲ್ಲಿ 2.5 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇದ್ದರೆ, ಅದೊಂದರಿಂದಲೇ ಸುಮಾರು 0.6 ಗ್ರಾಂ ಸೋಡಿಯಂ ಬರುತ್ತದೆ. ಒಂದೂವರೆ ಗ್ರಾಂ ಅಡುಗೆ ಉಪ್ಪು ತಿಂದಷ್ಟಾಯಿತು. ಚೀಸ್‌ಗೆ ಹಾಕಿದ ಉಪ್ಪು ಇದರ ಮೇಲೆ ಬೇರೆ. ನಾಲಿಗೆಗೆ ಅಷ್ಟು ಉಪ್ಪು ಅನ್ನಿಸುವುದಿಲ್ಲ, ಆದರೆ ಲೆಕ್ಕಕ್ಕೆ ಸೇರುತ್ತದೆ. ದೊಡ್ಡವರಿಗೇ ದಿನಕ್ಕೆ 2 ಗ್ರಾಂ ಸೋಡಿಯಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳಿಗೆ ಅದಕ್ಕೂ ಕಡಿಮೆ. ಚೆನ್ನಾಗಿ ಆಡಿಕೊಂಡಿರುವ ಹುಡುಗನಿಗೆ ದಿನಕ್ಕೊಂದು ಸ್ಲೈಸ್ ಬಗ್ಗೆ ನಾನು ಭಯಪಡುವುದಿಲ್ಲ. ಆದರೆ ಅದೇ ಡಬ್ಬಿಯಲ್ಲಿ ಚಿಪ್ಸ್, ಉಪ್ಪಿನಕಾಯಿ, ಕೆಚಪ್ ಎಲ್ಲ ಇದ್ದರೆ ಒಂದೊಂದಾಗಿ ತೆಗೆಯಿರಿ.

ಮನೆಯಲ್ಲಿ ಮೂತ್ರಪಿಂಡದ ತೊಂದರೆ ಇರುವವರು ಇದ್ದರೆ ಮಾತು ಬೇರೆ. ಹೆಚ್ಚಾದ ರಂಜಕವನ್ನು (ಫಾಸ್ಫೇಟ್‌ನಲ್ಲಿರುವ ಫಾಸ್ಫರಸ್) ಹೊರಹಾಕುವುದು ಅವರ ಮೂತ್ರಪಿಂಡಕ್ಕೆ ಕಷ್ಟ. ಕಾಳು, ಧಾನ್ಯಗಳಲ್ಲಿರುವ ರಂಜಕವನ್ನು ದೇಹ ಪೂರ್ತಿ ಹೀರಿಕೊಳ್ಳುವುದಿಲ್ಲ. ಹೀಗೆ ಸೇರಿಸಿದ ಫಾಸ್ಫೇಟನ್ನು ಬಹುಪಾಲು ಹೀರಿಕೊಳ್ಳುತ್ತದೆ. ಅಂಥವರು ವೈದ್ಯರನ್ನು ಕೇಳದೆ ಪ್ರೊಸೆಸ್ಡ್ ಚೀಸ್ ತಿನ್ನಬಾರದು.

ಪ್ರಶ್ನೆ: ಚೀಸ್ ಬ್ಲಾಕ್ ಹೆಚ್ಚು ದಿನ ಬರಲಿ ಎಂದು ಫ್ರೀಜರ್‌ನಲ್ಲಿಡಬಹುದೇ?
(ಓದುಗರು, ವಿಜಯನಗರ)

ಉತ್ತರ: ಬೇಡ. ಹೆಪ್ಪುಗಟ್ಟಿದ ನೀರು ಮಂಜಿನ ಹರಳಾಗಿ ಕೇಸೀನಿನ ನುಣುಪು ಜಾಲವನ್ನು ಸೀಳಿಬಿಡುತ್ತದೆ. ಕರಗಿದ ಮೇಲೆ ಹೋಳು ಬರುವುದಿಲ್ಲ, ಉದುರುತ್ತದೆ. ಫ್ರಿಜ್‌ನ ಸಾಮಾನ್ಯ ಭಾಗದಲ್ಲಿ, ಕತ್ತರಿಸಿದ ಮೈಗೆ ಗಾಳಿ ತಾಗದಂತೆ ಸುತ್ತಿಡಿ. ಆಗಲೇ ಫ್ರೀಜರ್ ಸೇರಿದ್ದರೆ ಎಸೆಯಬೇಡಿ, ಪರಾಟಾದ ಹೂರಣಕ್ಕೋ ದೋಸೆಯ ಮೇಲೆ ಉದುರಿಸಲೋ ಚೆನ್ನಾಗಿಯೇ ಆಗುತ್ತದೆ.